ಮುಸ್ತಫಾ ಆಡೋಕೆ ಎಷ್ಟು ಬಟನ್ ಬೇಕು?

ವಿಡಿಯೋ ಗೇಮ್ ಅಂಗಡಿಯಲ್ಲಿರುವಂಥ ಆರ್ಕೇಡ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ಮೊದಲು ಸ್ಕ್ರೀನ್ ಎಷ್ಟು ಇಂಚಿರಲಿ, ಒಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಡೋದಾ ಹಳೇ ಕಂಪ್ಯೂಟರ್ ಇಡೋದಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನೆಲ್ಲ ಆಮೇಲೂ ಬದಲಾಯಿಸಬಹುದು. ಆದರೆ ಕೈ ಇಟ್ಟು ಆಡುವ ಕಂಟ್ರೋಲ್ ಪ್ಯಾನೆಲ್‌ಗೆ ಒಮ್ಮೆ ತೂತು ಕೊರೆದರೆ ಮುಗೀತು. ಅದಕ್ಕೇ ಕಾರವಾರದ ನಮ್ಮ ಮನೆಗೆ ಪೆಟ್ಟಿಗೆ ಮಾಡಲು ಹೊರಟಾಗ ನಾನು ಪ್ಯಾನೆಲ್‌ನಿಂದಲೇ ಶುರು ಮಾಡಿದೆ. ಪೆಟ್ಟಿಗೆಯ ಅಗಲ, ಎತ್ತರ ಎಲ್ಲ ಅದನ್ನು ನೋಡಿಕೊಂಡೇ ಆಯಿತು.

ಯಾರು ಆಡ್ತಾರೆ, ಏನು ಆಡ್ತಾರೆ ಅನ್ನೋದು ಮೊದಲು ಗೊತ್ತಿರಬೇಕು. ನನಗೂ ತಮ್ಮನಿಗೂ ಮುಸ್ತಫಾ ಬೇಕೇ ಬೇಕು. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗೆ ರೂಪಾಯಿ ಸುರಿದವರಿಗೆಲ್ಲ ಗೊತ್ತಿರುವ ಆಟ ಅದು. ಕ್ಯಾಪ್‌ಕಾಮ್ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದಕ್ಕೆ ಬೇಕಾದದ್ದು ಎರಡೇ ಬಟನ್: ಒಂದು ಹೊಡೆಯೋಕೆ, ಒಂದು ಹಾರೋಕೆ. ಅಕ್ಕನ ಮಕ್ಕಳಿಗೆ ‘ಸ್ಟ್ರೀಟ್ ಫೈಟರ್ 2’ ಹುಚ್ಚು. 1991ರ ಆ ಆಟಕ್ಕೆ ಆರು ಬಟನ್ ಬೇಕು. ಮೇಲಿನ ಸಾಲಿನ ಮೂರು ಗುದ್ದಿಗೆ, ಕೆಳಗಿನ ಮೂರು ಒದೆಗೆ. ನಮ್ಮ ಆಯಿ ಆಡುವುದು ‘ಪ್ಯಾಕ್‌ಮ್ಯಾನ್’ ಒಂದೇ. 1980ರ ಈ ಆಟಕ್ಕೆ ಜಾಯ್‌ಸ್ಟಿಕ್ ಬಿಟ್ಟರೆ ಬೇರೆ ಬಟನ್ನೇ ಬೇಡ.

ಲೆಕ್ಕ ಇಷ್ಟೇ. ಒಬ್ಬರಿಗೆ ಒಂದು ಜಾಯ್‌ಸ್ಟಿಕ್, ಆರು ಬಟನ್. ಅಂಗೈಯಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್, ತಿರುಗಿಸುವ ಸ್ಪಿನ್ನರ್, ಏಳನೇ ಎಂಟನೇ ಬಟನ್ ಎಲ್ಲ ಹಾಕಬಹುದಿತ್ತು. ಆದರೆ ವರ್ಷಕ್ಕೊಮ್ಮೆ ಮುಟ್ಟುವ ಬಟನ್‌ಗಾಗಿ ದಿನಾ ಮುಟ್ಟುವ ಬಟನ್ ಪಕ್ಕಕ್ಕೆ ಸರಿಯಬೇಕಾಗುತ್ತದೆ. ನನಗೆ ಅದು ಇಷ್ಟವಿಲ್ಲ.

ಅಗಲವನ್ನು ತೀರ್ಮಾನಿಸಿದ್ದು ನಮ್ಮ ಒಳಕೋಣೆಯ ಬಾಗಿಲು. ಹಳೇ ಹಂಚಿನ ಮನೆ, ಬಾಗಿಲು ಕಿರಿದು. ಪೆಟ್ಟಿಗೆ ಅದರೊಳಗೆ ದಾಟಬೇಕಲ್ವಾ? ಹಾಗಾಗಿ ಪ್ಯಾನೆಲ್ 68 ಸೆಂಟಿಮೀಟರ್‌ಗೆ ನಿಂತಿತು. ಇಬ್ಬರು ಭುಜ ತಾಗಿಸಿಕೊಂಡು ನಿಲ್ಲಬಹುದು. ಮೂರನೆಯವರಿಗೆ ಜಾಗ ಇಲ್ಲ.

ಬಟನ್ ಎಲ್ಲೆಲ್ಲಿ ಅಂತ ನೇರವಾಗಿ ಹಲಗೆ ಮೇಲೆ ಗುರುತು ಹಾಕಲಿಲ್ಲ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅದರ ಮೇಲೆ ಕೈ ಇಟ್ಟೆ. ಸುಮ್ನೆ, ಗಟ್ಟಿಯಾಗಿ ಒತ್ತದೆ, ಮೇಜಿನ ಮೇಲೆ ಕೈ ಬಿಟ್ಟ ಹಾಗೆ. ಬೆರಳ ತುದಿಗಳ ಸುತ್ತ ಪೆನ್ಸಿಲ್ ಆಡಿಸಿದೆ. ಆಗ ಕಾಣುತ್ತದೆ: ನಡುಬೆರಳು ಮುಂದೆ, ಉಂಗುರ ಬೆರಳು ಸ್ವಲ್ಪ ಹಿಂದೆ, ತೋರುಬೆರಳು ಇನ್ನೂ ಕೆಳಗೆ. ಸ್ಕೇಲ್ ಇಟ್ಟು ನೇರ ಸಾಲಿನಲ್ಲಿ ಬಟನ್ ಹಾಕಿದರೆ ಮಣಿಕಟ್ಟು ತಿರುಚಿಕೊಂಡೇ ಆಡಬೇಕು. ಅದಕ್ಕೇ ನನ್ನ ಸಾಲು ಬಿಲ್ಲಿನಂತೆ ಬಾಗಿದೆ. ಒಂದು ಬಟನ್ನಿನ ನಡುವಿನಿಂದ ಇನ್ನೊಂದರ ನಡುವಿಗೆ 36 ಮಿಲಿಮೀಟರ್ ಇಟ್ಟೆ. ಮುಂಭಾಗದಲ್ಲಿ ಅಂಗೈ ಊರಲು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಖಾಲಿ ಜಾಗ ಬಿಟ್ಟೆ.

ರಟ್ಟಿನಲ್ಲೇ ತೂತು ಮಾಡಿ ನಿಜವಾದ ಬಟನ್ ಸಿಕ್ಕಿಸಿ, ವೈರ್ ಜೋಡಿಸಿ ಆಡಿಯೂ ನೋಡಿದೆವು. ಒತ್ತಿದರೆ ತೂತಿನಲ್ಲಿ ಕೂರುವ ಸ್ನ್ಯಾಪ್-ಇನ್ ಬಟನ್‌ಗಳು ರಟ್ಟಿನಲ್ಲೂ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಅಕ್ಕನ ಮಕ್ಕಳಲ್ಲಿ ಸಣ್ಣವನ ಕೈಗೆ ಜಾಯ್‌ಸ್ಟಿಕ್ ಮತ್ತು ಮೊದಲ ಬಟನ್ ನಡುವಿನ ಅಂತರ ಜಾಸ್ತಿ ಅನ್ನಿಸಿತು. ಇನ್ನೊಂದು ರಟ್ಟಿನ ತುಂಡಿನಲ್ಲಿ ಹತ್ತಿರ ತಂದೆವು. ಖರ್ಚು ಏನೂ ಇಲ್ಲ. ಪ್ಯಾನೆಲ್ ಮಾಡುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು ಅಂತ ನಾನು ಹೇಳ್ತೇನೆ.

ಇನ್ನು ಹಲಗೆಯ ವಿಷಯ. ಇಲ್ಲಿ ಸಮುದ್ರದ ಗಾಳಿಯನ್ನು ಮರೆತು ಏನೂ ಮಾಡುವಂತಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ಕೊರೆಯೋಕೂ ಸಲೀಸು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ, ಥಂಡಿಗೆ ಅದರ ಅಂಚು ಬಾತುಕೊಳ್ಳುತ್ತದೆ. ಪ್ಲೈವುಡ್‌ನಲ್ಲಿ ಐಎಸ್ 710 ಅಂತ ಮುದ್ರೆ ಇರುವ ಮರೀನ್ ದರ್ಜೆಯದು ನೀರಿಗೆ ತಡೆಯುತ್ತದೆ. ಪೆಟ್ಟಿಗೆಗೆ ಅದನ್ನೇ ತಂದೆ, 18 ಮಿಲಿಮೀಟರ್ ದಪ್ಪದ್ದು.

ಆದರೆ ಪ್ಯಾನೆಲ್ಲಿನ ಮೇಲ್ಮೈಗೆ ಆ ದಪ್ಪ ಆಗೋದಿಲ್ಲ. ಸಾನ್ವಾ ತರಹದ ಜಪಾನಿ ಬಟನ್‌ಗಳು 30 ಮಿಲಿಮೀಟರ್ ತೂತಿನಲ್ಲಿ ಕೂರುತ್ತವೆ, ಅವುಗಳ ಕಿವಿ ಕಚ್ಚಿಕೊಳ್ಳಲು ತೆಳು ಹಾಳೆ ಬೇಕು. ಜಾಯ್‌ಸ್ಟಿಕ್ಕಿನ ಕಡ್ಡಿಯೂ ಗಿಡ್ಡ. ದಪ್ಪ ಹಲಗೆಯ ಕೆಳಗೆ ಹಾಗೇ ಬಿಗಿದರೆ ಕಡ್ಡಿಯ ತುದಿಯ ಗುಂಡು ಹಲಗೆಗೆ ಅಂಟಿಕೊಂಡ ಹಾಗೆ ಕೂತುಬಿಡುತ್ತದೆ. ಕೆಲವರು ಹಲಗೆಯನ್ನು ಕೆಳಗಿನಿಂದ ಮರ ಕೆತ್ತುವ ರೂಟರ್ ಯಂತ್ರ ಹಿಡಿದು ತೆಳು ಮಾಡುತ್ತಾರೆ. ಕೆಲವರು ಉದ್ದ ಕತ್ತಿನ, ನಟ್ ಬಿಗಿಯುವ ಅಮೆರಿಕನ್ ಬಟನ್ ತರಿಸುತ್ತಾರೆ. ನನಗೆ ದಾರಿ ಸಿಕ್ಕಿದ್ದು ಅಂಗಡಿ ಬೋರ್ಡ್ ಮಾಡುವವರ ಬಳಿ. ಅವರು ಬಳಸುವ ಎಸಿಪಿ ಶೀಟ್ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್. ದಪ್ಪ 3 ಮಿಲಿಮೀಟರ್. ತುಕ್ಕಿಲ್ಲ, ಬಾತುಕೊಳ್ಳೋದಿಲ್ಲ. ಉಳಿದ ತುಂಡು ಕಡಿಮೆ ದುಡ್ಡಿಗೆ ಸಿಕ್ಕಿತು.

ಎಸಿಪಿ ಮಾತ್ರ ಆದರೆ ಕೈ ಊರಿದಾಗ ಬಳುಕುತ್ತದೆ. ಅದಕ್ಕೆ ಕೆಳಗೆ 12 ಮಿಲಿಮೀಟರ್ ಪ್ಲೈ ಕೊಟ್ಟೆ. ಬಟನ್, ಜಾಯ್‌ಸ್ಟಿಕ್ ಇರುವ ಕಡೆ ಮಾತ್ರ ದೊಡ್ಡ ಕಿಂಡಿ ತೆಗೆಸಿದೆ. ಆಚಾರಿ ನಕ್ಷೆ ನೋಡಿ, “ಇದೆಂತ ಮಾರಾಯ್ರೆ, ಇಷ್ಟೆಲ್ಲ ತೂತು ಹೊಡೆದ ಮೇಲೆ ಹಲಗೆ ಉಳಿಯೋದೆಲ್ಲಿ?” ಅಂದರು. ಆದರೂ ಅಳತೆ ತಪ್ಪದಂತೆ ತೆಗೆದುಕೊಟ್ಟರು. ಎಸಿಪಿಗೆ ದುಂಡಗೆ ತೂತು ಕೊರೆಯುವ ಹೋಲ್‌ಸಾದಿಂದ ನಿಧಾನಕ್ಕೆ ಕೊರೆದು, ಅಂಚನ್ನು ಅರದಿಂದ ಉಜ್ಜಿದೆ. ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಬೋಲ್ಟ್, ತಿರುಪು ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ದೋಣಿಗಳಿರುವ ಊರಲ್ಲಿ ಅವಕ್ಕೇನೂ ಬರ ಇಲ್ಲ.

ಮೇಲಿನ ಸ್ಟಿಕರ್‌ಗೆ ಮಕ್ಕಳು ಡೈನೋಸಾರ್ ಬೇಕು ಅಂದರು. ಡೈನೋಸಾರನ್ನು ಪೆಟ್ಟಿಗೆಯ ಪಕ್ಕಕ್ಕೆ ಕಳಿಸಿ, ಪ್ಯಾನೆಲ್‌ಗೆ ಕಡುನೀಲಿ, ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದೆ. ಹೊಳೆಯುವ ಸ್ಟಿಕರ್‌ನಲ್ಲಿ ಸ್ಕ್ರೀನಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಏಪ್ರಿಲ್‌ನ ಬೆವರಿಗೆ ಕೈಯೂ ಅಂಟುತ್ತದೆ.

ಸ್ಟಾರ್ಟ್ ಬಟನ್‌ಗಳು ಸಣ್ಣವು, 24 ಮಿಲಿಮೀಟರಿನವು. ಅವನ್ನು ಸ್ಕ್ರೀನಿನ ಹತ್ತಿರ, ಅಂಗೈ ತಾಗದ ಕಡೆ ಇಟ್ಟೆ. ಒತ್ತಿದರೆ ನಾಣ್ಯ ಹಾಕಿದ ಲೆಕ್ಕವಾಗುವ ಕಾಯಿನ್ ಬಟನ್ ಪ್ಯಾನೆಲ್ಲಿನ ಮುಂದಿನ ಪಟ್ಟಿಯಲ್ಲಿದೆ, ಹೊಟ್ಟೆಯ ಎದುರಿಗೆ. ಇದಕ್ಕೆ ಕಾರಣ ಇದೆ. ಹಳೇ ಆಟ ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್‌ನಲ್ಲಿ ಕಾಯಿನ್ ಕೆಲಸ ಮಾಡುವ ಸೆಲೆಕ್ಟ್ ಬಟನ್ ಜೊತೆ ಸ್ಟಾರ್ಟ್ ಒತ್ತಿದರೆ ಆಟವೇ ಮುಚ್ಚಿಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಸೋಲ್ತಾ ಇರುವ ಹುಡುಗ ಒಂದೇ ಕೈಯಲ್ಲಿ ಒತ್ತಿ ಆಟ ಮುಗಿಸಿಬಿಡ್ತಾನೆ. ಈಗ ಎರಡು ಕೈ ಬೇಕು, ಎಲ್ಲರ ಕಣ್ಣಿಗೂ ಬೀಳುತ್ತದೆ.

ಆಯಿಯ ಪ್ಯಾಕ್‌ಮ್ಯಾನ್ ಬೇರೆಯೇ ಪೇಚು ತಂದಿತು. ಜಾಯ್‌ಸ್ಟಿಕ್ ಎಂಟು ದಿಕ್ಕಿಗೆ ಹೋಗುತ್ತದೆ, ಪ್ಯಾಕ್‌ಮ್ಯಾನ್‌ಗೆ ಬೇಕಾದ್ದು ನಾಲ್ಕೇ ದಿಕ್ಕು. ಕಡ್ಡಿ ಮೂಲೆಗೆ ಸರಿದರೆ ತಿರುವು ತಪ್ಪಿ ಭೂತದ ಬಾಯಿಗೆ ಬೀಳಬೇಕು. ಸಾನ್ವಾದ ಜೆಎಲ್‌ಎಫ್ ಜಾಯ್‌ಸ್ಟಿಕ್ಕಿನ ತಳದಲ್ಲಿ ಕಡ್ಡಿಯ ಓಡಾಟಕ್ಕೆ ಎಲ್ಲೆ ಹಾಕುವ ಚೌಕಾಕಾರದ ಪ್ಲಾಸ್ಟಿಕ್ ಗೇಟ್ ಇದೆ. ಅದನ್ನು ಬಿಡಿಸಿ 45 ಡಿಗ್ರಿ ತಿರುಗಿಸಿ ಕೂರಿಸಿದರೆ ನಾಲ್ಕೇ ದಿಕ್ಕು. ಆದರೆ ಅದಕ್ಕೆ ಪ್ಯಾನೆಲ್ಲಿನ ಒಳಗೆ ಕೈ ಹೋಗಬೇಕು. ಹಾಗಾಗಿ ಪ್ಯಾನೆಲನ್ನು ತಿರುಪಿನಲ್ಲಿ ಬಿಗಿಯದೆ, ಸ್ಕ್ರೀನಿನ ಕಡೆ ಉದ್ದಕ್ಕೂ ಪಿಯಾನೋ ಹಿಂಜ್ ಹಾಕಿ, ಎದುರಿನ ಅಡಿಯಲ್ಲಿ ಚಿಲಕ ಕೊಟ್ಟೆ. ಟ್ರಂಕಿನ ಮುಚ್ಚಳ ತೆಗೆದ ಹಾಗೆ ಎತ್ತಬಹುದು. ಆಯಿ ಆಡುವ ದಿನ ಗೇಟ್ ತಿರುಗಿಸುತ್ತೇನೆ.

ವೈರಿಂಗ್ ಹೆದರುವಂಥದ್ದಲ್ಲ. ಪ್ರತಿ ಬಟನ್ ಒಂದು ಸ್ವಿಚ್ ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಅಗ್ಗದ ಯುಎಸ್‌ಬಿ ಎನ್‌ಕೋಡರ್ ಬೋರ್ಡ್ ಹಾಕಿದೆ. ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸೋದು ಅದೇ. ಬಟನ್ನಿನಿಂದ ಬಂದ ಎರಡು ವೈರ್ ಅದರ ಸಾಕೆಟ್ಟಿಗೆ. ಸಾನ್ವಾ ಬಟನ್‌ಗಳಿಗೆ ವೈರಿನ ತುದಿಗೆ 2.8 ಮಿಲಿಮೀಟರಿನ ಟರ್ಮಿನಲ್, ಅಂದರೆ ಲೋಹದ ಕ್ಲಿಪ್, ಬೇಕು, ದೊಡ್ಡದು ತಂದರೆ ಸಡಿಲ. ಮೂರು ಕಾಲಿನ ಮೈಕ್ರೋಸ್ವಿಚ್ ಆದರೆ ಸಿಒಎಂ (ಸಾಮಾನ್ಯ) ಮತ್ತು ಎನ್‌ಒ (ಒತ್ತಿದಾಗ ಮಾತ್ರ ಕೂಡುವ) ಅಂತ ಬರೆದ ಕಾಲಿಗೇ ಕೊಡಿ. ಒತ್ತದಾಗಲೂ ಕೂಡಿರುವ ಎನ್‌ಸಿಗೆ ಕೊಟ್ಟರೆ ಮುಟ್ಟದೇ ಇದ್ದರೂ ಒತ್ತಿದ ಹಾಗೇ ಕಾಣುತ್ತದೆ. ಪ್ರತಿ ವೈರಿಗೂ ಟೇಪ್ ಸುತ್ತಿ ಕನ್ನಡದಲ್ಲಿ ‘1 ಹೊಡೆ’, ‘2 ಹಾರು’ ಅಂತ ಬರೆದಿದ್ದೇನೆ. ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟಿದರೆ ನಾನಿಲ್ಲದಾಗಲೂ ತಮ್ಮ ನೋಡಿಕೊಳ್ಳಬಹುದು.

ಮುಸ್ತಫಾ ನಿಜಕ್ಕೂ ಮೂವರು ಒಟ್ಟಿಗೆ ಆಡುವ ಆಟ. ಅದನ್ನು ಪತ್ತೆ ಮಾಡಿದ ಮಕ್ಕಳು ಈಗ ಮೂರನೇ ಜಾಯ್‌ಸ್ಟಿಕ್ ಕೇಳ್ತಿದ್ದಾರೆ. ಬಾಗಿಲಂತೂ ಅಗಲ ಆಗೋದಿಲ್ಲ. ಉಳಿದ ಎಸಿಪಿ ತುಂಡಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳುವ ಸಣ್ಣ ಡಬ್ಬಿ ಮಾಡ್ತಿದ್ದೇನೆ. ಒಂದು ಜಾಯ್‌ಸ್ಟಿಕ್, ಎರಡು ಬಟನ್, ಸ್ಟಾರ್ಟ್, ಕಾಯಿನ್, ಉದ್ದ ಯುಎಸ್‌ಬಿ ವೈರ್. ತೂತಿನ ಅಳತೆ ಹಳೇ ರಟ್ಟಿನಲ್ಲೇ ಇದೆ.