ಪುರಾತತ್ವ ದಿನಕ್ಕೆ ಸ್ವಯಂಸೇವಕರು ಬೇಕೇ? ಮೊದಲು ಕೆಲಸದ ಪಟ್ಟಿ ಮಾಡಿ

ಬಡಾವಣೆಯ ವೀರಗಲ್ಲನ್ನೋ ಶಾಸನವನ್ನೋ ಜನರಿಗೆ ತೋರಿಸುವ ದಿನ ಇಟ್ಟುಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ‘ಇತಿಹಾಸಾಸಕ್ತರು ಬನ್ನಿ’ ಎಂದು ವಾಟ್ಸಾಪ್‌ನಲ್ಲಿ ಹಾಕುವುದು. ಇದಕ್ಕೆ ಆಸಕ್ತರು ಬಂದೇ ಬರುತ್ತಾರೆ, ಆದರೆ ಅವರೆಲ್ಲರಿಗೂ ಕಲ್ಲಿನ ಮುಂದೆ ನಿಂತು ಮಾತಾಡುವುದೇ ಬೇಕು. ರಸ್ತೆ ತಿರುವಿನಲ್ಲಿ ನಿಂತು ದಾರಿ ತೋರಿಸಲು ಯಾರೂ ಇರುವುದಿಲ್ಲ. ಜನ ಸೇರಿಸುವ ಮುಂಚೆ ಯಾವ ಕೆಲಸಕ್ಕೆ ಎಷ್ಟು ಮಂದಿ ಬೇಕೆಂದು ಬರೆದಿಟ್ಟುಕೊಳ್ಳಿ.

ದಿನಕ್ಕೆ ಸುಮಾರು 300 ಜನ ಬರುತ್ತಾರೆ ಎಂದಿಟ್ಟುಕೊಂಡರೆ, ಒಂದು ಪಾಳಿಗೆ 14 ಮಂದಿ ಬೇಕು. ಕಲ್ಲಿನ ಹತ್ತಿರ ಮೂವರು, ಮಕ್ಕಳು ಅಗೆದು ಮಡಕೆ ಚೂರು ಹುಡುಕುವ ಮರಳು ತೊಟ್ಟಿಗಳಿಗೆ ನಾಲ್ವರು, ಕೊರೆದ ಅಕ್ಷರದ ಅಚ್ಚನ್ನು ಕಾಗದದ ಮೇಲೆ ತೆಗೆಯುವ ಮೇಜಿಗೆ ಇಬ್ಬರು, ಹೆಸರು ಬರೆದುಕೊಳ್ಳಲು ಇಬ್ಬರು, ರಸ್ತೆ ಮತ್ತು ಪಾರ್ಕಿಂಗ್‌ಗೆ ಇಬ್ಬರು, ನೀರು-ಊಟಕ್ಕೆ ಒಬ್ಬರು. ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 1ರಿಂದ 5 ಎಂದು ಎರಡು ಪಾಳಿ ಮಾಡಿದರೆ 28. ಪಾಳಿಗೆ ಇಬ್ಬರಂತೆ ಬದಲಿ ಸೇರಿಸಿ 32. ಹೆಸರು ಕೊಟ್ಟ ಮೂವರಲ್ಲಿ ಒಬ್ಬರು ಬರುವುದಿಲ್ಲ ಎಂದೇ ಲೆಕ್ಕ ಹಾಕಿ 48 ಹೆಸರು ಸೇರಿಸಿ. ಇಡೀ ದಿನ ಇರುತ್ತೇನೆ ಎನ್ನುವವರಿಗೂ ಒಂದೇ ಪಾಳಿ ಕೊಡಿ. ಬಿಸಿಲಲ್ಲಿ ಎಂಟು ಗಂಟೆ ನಿಂತವರು ಮುಂದಿನ ವರ್ಷ ಫೋನ್ ಎತ್ತುವುದಿಲ್ಲ.

ಕಲ್ಲಿನ ಹತ್ತಿರ ಮೂವರೇಕೆ ಎಂದರೆ, ಸವೆದ ಅಕ್ಷರ ನೆತ್ತಿಯ ಬಿಸಿಲಿಗೆ ಕಾಣುವುದಿಲ್ಲ. ಒಬ್ಬರು ಕಪ್ಪು ಕೊಡೆ ಹಿಡಿದು ಕಲ್ಲಿಗೆ ನೆರಳು ಮಾಡಬೇಕು. ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಆನಿಸಿದಂತೆ ಹಿಡಿದು ಪಕ್ಕದಿಂದ ಬೆಳಕು ಬಿಡಬೇಕು. ಆಗ ಗೀರುಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಮೂರನೆಯವರು ಮಾತಾಡುತ್ತಾರೆ. ಟಾರ್ಚ್ ಇಲ್ಲದ ಕಡೆ ಯಾರಾದರೊಬ್ಬರು ಸೀಮೆಸುಣ್ಣ ತಂದು ಅಕ್ಷರದ ಮೇಲೆ ಉಜ್ಜುತ್ತಾರೆ, ಇಲ್ಲವೇ ತಂತಿ ಬ್ರಷ್‌ನಿಂದ ಪಾಚಿ ಕೆರೆಯಲು ಹೊರಡುತ್ತಾರೆ. ಎರಡನ್ನೂ ತಡೆಯುವುದು ಈ ಮೂವರ ಕೆಲಸವೇ.

ಅನುಮತಿ ಪತ್ರ ಕೈಗೆ ಬರುವ ತನಕ ಹೆಸರು ಕರೆಯಬೇಡಿ. ಬೆಂಗಳೂರಿನ ಟಿಪ್ಪು ಅರಮನೆ, ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತಕ್ಕೆ, ರಾಜ್ಯ ಸಂರಕ್ಷಿತವಾದರೆ ರಾಜ್ಯದ ಪುರಾತತ್ವ ಇಲಾಖೆಗೆ ಅರ್ಜಿ. ಗುಡಿಯ ಆವರಣವಾದರೆ ಅರ್ಚಕರನ್ನೂ ಸಮಿತಿಯವರನ್ನೂ ಕೇಳಲೇಬೇಕು. ಎರಡು ತಿಂಗಳು ಮುಂಚೆ ಶುರು ಮಾಡಿ. ದಿನಾಂಕ ಎರಡು ಸಲ ಬದಲಾದರೆ ಪಟ್ಟಿಯಲ್ಲಿದ್ದವರು ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಹೆಸರಿಗೆ ಚೆಂದ. ಆದರೆ ಬಿಸಿಲು, ರಜೆಗೆ ಊರಿಗೆ ಹೋದ ಮಕ್ಕಳು, ಸಿಇಟಿ ಗಡಿಬಿಡಿ ಮೂರೂ ಒಟ್ಟಿಗೆ ಬರುತ್ತವೆ. ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹದಲ್ಲಿ ಬರುವ ಭಾನುವಾರ ವಾಸಿ. ಬಸವನಗುಡಿ ಕಡೆಯಾದರೆ ಕಡಲೆಕಾಯಿ ಪರಿಷೆಯ ದಿನಗಳನ್ನು ಬಿಟ್ಟು ನೋಡಿ.

ಜನ ಎಲ್ಲಿ ಸಿಗುತ್ತಾರೆ? ಮೊದಲು ಆ ಬೀದಿಯಲ್ಲೇ. ಅರ್ಧದಷ್ಟು ಮಂದಿ ಐದು ಕಿಲೋಮೀಟರ್ ಒಳಗಿನವರಿರಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ವೈಟ್‌ಫೀಲ್ಡ್‌ನಿಂದ ಬೇಗೂರಿಗೆ ಬರುತ್ತೇನೆ ಎಂದವರು ಬಂದರೆ ಪುಣ್ಯ. ಕನ್ನಡ ಸಂಘದವರು, ನಿವೃತ್ತ ಮೇಷ್ಟ್ರುಗಳು, ಗುಡಿಯ ಎದುರಿನ ಹೂವಿನ ಅಂಗಡಿಯವರು, ಆಟೋ ಸ್ಟ್ಯಾಂಡಿನವರು, ಇವರನ್ನೆಲ್ಲ ಖುದ್ದಾಗಿ ಹೋಗಿ ಕರೆಯಿರಿ. ಕಲ್ಲಿಗೆ ಅರಿಶಿನ-ಕುಂಕುಮ ಹಚ್ಚಿ ಪೂಜೆ ಮಾಡುವ ಮನೆಯವರಿದ್ದರೆ ಮೊದಲ ಕರೆ ಅವರಿಗೆ. ಅವರನ್ನು ಬಿಟ್ಟು ಹೊರಗಿನವರು ಕೊಡೆ-ಟಾರ್ಚ್ ಹಿಡಿದು ನಿಂತರೆ ಹತ್ತು ಗಂಟೆಗೆಲ್ಲ ಜಗಳ ಶುರುವಾಗುತ್ತದೆ.

ಉಳಿದರ್ಧ ಕಾಲೇಜುಗಳಿಂದ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕಿರುತ್ತದೆ. ತರಬೇತಿ ಎರಡು ಗಂಟೆ, ಪಾಳಿ ನಾಲ್ಕು ಗಂಟೆ, ಒಟ್ಟು ಆರು ಗಂಟೆ ಎಂದು ಪತ್ರದಲ್ಲೇ ಬರೆದು ಕಾರ್ಯಕ್ರಮಾಧಿಕಾರಿಗೆ ಕೊಡಿ, ಕೆಲಸ ಸಲೀಸು. ಅಚ್ಚಿನ ಮೇಜಿಗೆ ಚಿತ್ರಕಲೆ ಓದುವವರು ಸರಿ. ಅಲ್ಲಿ ಅಸಲಿ ಕಲ್ಲು ಬೇಡ, ಅಕ್ಷರ ಕೊರೆದ ಸಿಮೆಂಟ್ ಹಲಗೆ ಸಾಕು. ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ತಟ್ಟಿ ಗೀರಿಗಿಳಿಸಬೇಕು, ಅದು ಅರೆ ಒಣಗಿದ ಮೇಲೆ ಮಸಿ ತಾಕಿಸಬೇಕು. ಅವಸರಪಟ್ಟರೆ ಮಸಿ ಹರಡಿ ಅಕ್ಷರವೇ ಮುಚ್ಚಿಹೋಗುತ್ತದೆ. ಕೈ ನಿಧಾನವಿರುವವರೇ ಬೇಕು. ಕಂಪನಿಗಳಿಂದ ನಲವತ್ತು ಜನರ ತಂಡ ಕಳಿಸುತ್ತೇವೆ ಎಂದರೆ ಹತ್ತು ಜನ ಸಾಕೆನ್ನಿ. ಅವರಿಗೆ ಹಿಂದಿನ ದಿನದ ಶಾಮಿಯಾನ, ಮರಳು ಜರಡಿ ಹಿಡಿಯುವಂಥ ಮುಗಿಯುವ ಕೆಲಸ ಕೊಡಿ.

ಕರೆಯೋಲೆ ಹೀಗಿದ್ದರೆ ಸಾಕು: ‘ನವೆಂಬರ್ 22, ಭಾನುವಾರ. ನಮ್ಮ ಬಡಾವಣೆಯ ವೀರಗಲ್ಲನ್ನು ಊರಿನವರಿಗೆ ತೋರಿಸುತ್ತಿದ್ದೇವೆ. ಮರಳು ತೊಟ್ಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನಾಲ್ವರು ಬೇಕು, ಬೆಳಿಗ್ಗೆ 9ರಿಂದ 1. ಇತಿಹಾಸ ಓದಿರಬೇಕಿಲ್ಲ. ತಿಂಡಿ, ಊಟ, ಬಸ್ ಚಾರ್ಜು ನಮ್ಮದು. ಶೌಚಾಲಯ ಪಕ್ಕದ ಶಾಲೆಯಲ್ಲಿದೆ.’ ಕೊನೆಯ ಸಾಲನ್ನು ಬಿಡಬೇಡಿ. ಹೆಣ್ಣುಮಕ್ಕಳು ಹನ್ನೊಂದಕ್ಕೇ ಹೊರಟುಬಿಡುವುದಕ್ಕೆ ಎಷ್ಟೋ ಸಲ ಕಾರಣ ಅದೊಂದೇ. ಪ್ರತಿ ಕೆಲಸಕ್ಕೂ ಬೇರೆ ಓಲೆ ಕಳಿಸಿ. ಫಾರ್ಮಿನಲ್ಲಿ ಹೆಸರು, ಮೊಬೈಲು, ಬಡಾವಣೆ, ಪಾಳಿ, ಮಾತಾಡುವ ಭಾಷೆಗಳು, ಇಷ್ಟೇ ಕೇಳಿ. ತಮಿಳು, ತೆಲುಗು, ಉರ್ದು ಬಲ್ಲವರನ್ನು ಹೆಸರು ಬರೆಯುವ ಮೇಜಿಗೆ ಹಾಕಿ. ಹದಿನೆಂಟರ ಒಳಗಿನವರಾದರೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ.

ತರಬೇತಿ ಹಿಂದಿನ ಶನಿವಾರ, ಕಲ್ಲಿನ ಎದುರಿಗೇ. ಉಪನ್ಯಾಸ ಇಪ್ಪತ್ತು ನಿಮಿಷ ಮೀರದಿರಲಿ, ಉಳಿದದ್ದೆಲ್ಲ ಪ್ರಶ್ನೋತ್ತರದ ಅಭ್ಯಾಸ. ‘ಇದರ ಕೆಳಗೆ ನಿಧಿ ಇದೆಯಾ?’ ಎಂದು ಕೇಳಿಯೇ ಕೇಳುತ್ತಾರೆ. ನಗಬಾರದು. ಇದು ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು, ನಿಧಿಯ ಗುರುತಲ್ಲ, ಅಗೆದರೆ ಕಲ್ಲು ವಾಲಿ ಒಡೆಯುತ್ತದೆ ಎಂದು ಹೇಳಬೇಕು. ಮರಳು ತೊಟ್ಟಿಯಲ್ಲಿ ಹೂಳುವುದು ಕುಂಬಾರರ ಬಡಾವಣೆ ಪಾಟರಿ ಟೌನ್‌ನಿಂದ ತಂದ ಹೊಸ ಮಡಕೆಯ ಚೂರು, ಅಂಚು ಉಜ್ಜಿ ಮೊಂಡು ಮಾಡಿದ್ದು. ಅದನ್ನು ಹಳೆಯದೆಂದು ಮಕ್ಕಳಿಗೆ ಹೇಳಬಾರದು. ತೊಟ್ಟಿಗೆ ಐದು ಮಕ್ಕಳು, ಒಬ್ಬ ದೊಡ್ಡವರು.

‘ನಮ್ಮ ಮನೆ ಹಿಂದೇನೂ ಇಂಥದ್ದೊಂದು ಕಲ್ಲಿದೆ’ ಎನ್ನುವವರು ಬರುತ್ತಾರೆ. ಹೆಸರು ಬರೆಯುವ ಮೇಜಿನ ಇಬ್ಬರಲ್ಲಿ ಒಬ್ಬರನ್ನು ಇವರಿಗೆಂದೇ ಮೀಸಲಿಡಿ. ಇಂಥ ಕಲ್ಲು ಎಲ್ಲಿ ಬೇಕಾದರೂ ಸಿಗಬಹುದು: ಕ್ರಿ.ಶ. 750ರ ಸುಮಾರಿನ ಹೆಬ್ಬಾಳದ ಕಿತ್ತಯ್ಯನ ಶಾಸನ ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿಗೆಂದು ನೆಲ ಅಗೆದಾಗ. ಹೇಳಿದವರ ಫೋನು, ಜಾಗದ ಗುರುತು, ಕಲ್ಲಿನ ಅಂದಾಜು ಎತ್ತರ, ಅಕ್ಷರವಿದೆಯೋ ಬರೀ ಚಿತ್ರವೋ, ನಾಲ್ಕನ್ನೂ ಆಗಲೇ ಬರೆದುಕೊಳ್ಳಬೇಕು. ಈ ಜಾಗಕ್ಕೆ ಮಾತುಗಾರರಿಗಿಂತ ಕೇಳಿಸಿಕೊಳ್ಳುವವರನ್ನು ಆರಿಸಿ.

ಬುಧವಾರ ಒಮ್ಮೆ, ಶನಿವಾರ ಸಂಜೆ ಒಮ್ಮೆ ಎಲ್ಲರಿಗೂ ಫೋನ್ ಮಾಡಿ. ವಾಟ್ಸಾಪ್‌ನ ಹೆಬ್ಬೆಟ್ಟನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಶನಿವಾರ ಬರುವುದಿಲ್ಲ ಎಂದವರಿಗೆ ಬೇಸರ ತೋರಿಸದೆ ಬದಲಿಯವರನ್ನು ಆಗಲೇ ಕರೆಯಿರಿ. ಪ್ರಮಾಣಪತ್ರ ಪಾಳಿ ಮುಗಿದ ಮೇಲೆಯೇ. ಬೆಳಿಗ್ಗೆಯೇ ಹಂಚಿದರೆ ಇಡ್ಲಿ ಮುಗಿಯುವ ಹೊತ್ತಿಗೆ ಅರ್ಧ ಜನ ಬಸ್ ಸ್ಟಾಪಿನಲ್ಲಿರುತ್ತಾರೆ. ಬಸ್ ಚಾರ್ಜನ್ನು ಮಾತ್ರ ಆ ಸಂಜೆಯೇ ಯುಪಿಐನಲ್ಲಿ ಹಾಕಿಬಿಡಿ.