ಕುರಿ ಕಾಯೋರೇ ನಮ್ಮ ಶಿಬಿರದ ಮಾಸ್ತರು: ನನ್ನ ಅನುಭವ

ಈ ಬೇಸಿಗೆಗೆ ನಮ್ಮ ಮಕ್ಕಳ ನಿಸರ್ಗ ಶಿಬಿರದ ಎಲ್ಲ ಬ್ಯಾಚೂ ಮಾರ್ಚ್‌ನಲ್ಲೇ ಭರ್ತಿಯಾದವು. ಸಿಬ್ಬಂದಿಯಲ್ಲಿ ಒಬ್ಬರೂ ನಡುವೆ ಬಿಟ್ಟು ಹೋಗಲಿಲ್ಲ. ಇದರಲ್ಲಿ ಎರಡನೆಯದ್ದೇ ದೊಡ್ಡ ಸುದ್ದಿ ಅನ್ನೋದು ಶಿಬಿರ ನಡೆಸೋರಿಗೆ ಗೊತ್ತು. "ಬೀಳಗಿ ಕಡೆ ಏನೈತ್ರೀ ನೋಡಾಕ? ಖಾನಾಪುರಕ್ಕ ಹೋಗ್ರಿ, ಜಾಂಬೋಟಿ ಐತಿ, ಭೀಮಗಡ ಐತಿ" ಅಂತ ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳನ್ನೇ ನಮ್ಮಲ್ಲಿಗೆ ಕಳಿಸಿದ್ದಾರೆ. ಖುಷಿ ಆಗಲ್ವಾ ಹೇಳಿ.

ನಮ್ಮ ಜಾಗ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಮಾವನ ಹೊಲದ ಅಂಚಿಗೆ. ಒಂದು ಕಡೆ ಆಲಮಟ್ಟಿ ಹಿನ್ನೀರು. ಇನ್ನೊಂದು ಕಡೆ ಕಲ್ಲುಗುಡ್ಡ, ಜಾಲಿ, ಬಾರಿಕಂಟಿ. ಯಡಹಳ್ಳಿ ಚಿಂಕಾರ (ಒಂದು ಜಾತಿಯ ಸಣ್ಣ ಹುಲ್ಲೆ) ವನ್ಯಧಾಮವೂ ದೂರವಿಲ್ಲ. 2016ರಲ್ಲಿ ಘೋಷಣೆಯಾದದ್ದು, ಸುಮಾರು 96 ಚದರ ಕಿಲೋಮೀಟರ್. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾವು ಹೆಚ್ಚಾಗಿ ಹೊರಗಿನ ಗಾಯರಾಣದಲ್ಲೇ, ಅಂದರೆ ಊರ ದನಕರು ಮೇಯೋ ಜಾಗದಲ್ಲೇ ಓಡಾಡುತ್ತೇವೆ, ಅಷ್ಟೇ ಸಾಕು.

ಮೊದಲ ಬೇಸಿಗೆಗಳಲ್ಲಿ ಎಲ್ಲರ ಹಾಗೆ ಕಾಲೇಜು ಹುಡುಗರನ್ನೇ ವಾಲಂಟಿಯರ್ ಅಂತ ಕರೆಸಿದೆವು. ಬಸ್ ಚಾರ್ಜು, ಊಟ, ಒಂದು ಸರ್ಟಿಫಿಕೇಟು. ಹಕ್ಕಿ ಹೆಸರೆಲ್ಲ ಅವರಿಗೆ ಬಾಯಿಪಾಠ. ಆದರೆ ಏಪ್ರಿಲ್‌ನಲ್ಲಿ ಬಾಗಲಕೋಟೆಯ ಬಿಸಿಲು 40 ದಾಟುತ್ತದೆ. ನಸುಕಿಗೆ ಎದ್ದು ರಾತ್ರಿ ಹನ್ನೊಂದರವರೆಗೆ ಮಕ್ಕಳ ಹಿಂದೆ ಓಡಬೇಕು. ಮೂರನೇ ದಿನಕ್ಕೆ ಒಬ್ಬೊಬ್ಬರ ಮನೆಯಿಂದಲೂ ಅಜ್ಜಿಗೆ ಆರಾಮಿಲ್ಲ ಅಂತ ಫೋನು ಶುರು! ಉಳಿದವರ ಮೇಲೆ ಹೊರೆ ಬಿದ್ದು ಅವರೂ ಜಾಗ ಖಾಲಿ ಮಾಡುತ್ತಿದ್ದರು. ಒಂದು ಸಲ ಕೊನೆಯ ದಿನ ನಾನು, ನನ್ನ ಹೆಂಡತಿ, ಅಡುಗೆಯ ಕಾಕು, ಮೂವರೇ ಉಳಿದಿದ್ದೆವು.

ಟೆಂಟುಗಳ ಕಥೆಯೂ ಅಷ್ಟೇ. ತಲಾ ಎರಡೂವರೆ ಸಾವಿರದ ಹನ್ನೆರಡು ಟೆಂಟು ತಂದಿದ್ದೆ. ಮಧ್ಯಾಹ್ನದ ಸುಳಿಗಾಳಿಗೆ ಅರ್ಧ ಹರಿದವು, ಒಂದು ಹಿನ್ನೀರಿನಲ್ಲಿ ಸಿಕ್ಕಿತು. ಶಿಬಿರದ ಎಲ್ಲ ನಷ್ಟ ಕೂಡಿ ಎರಡು ಬೇಸಿಗೆಯಲ್ಲಿ ಒಂದೂವರೆ ಲಕ್ಷ ಕೈಬಿಟ್ಟು ಹೋಗಿರಬೇಕು.

ಆಗ ನಮ್ಮ ಹೊಲದಾಗ ಗೊಬ್ಬರಕ್ಕಂತ ರಾತ್ರಿ ಕುರಿ ತರುಬುತ್ತಿದ್ದ, ಅಂದರೆ ಕೂಡಿಹಾಕುತ್ತಿದ್ದ ಹುಡುಗರನ್ನ ಶಿಬಿರಕ್ಕೆ ಬರ್ತೀರಾ ಅಂತ ಕೇಳಿದೆ. ಊರವರು ನಕ್ಕರು. "ಕುರಿ ಕಾಯೋರು ಏನ್ ಕಲಸ್ತಾರ್ರೀ, ಸಾಲಿ ಬಿಟ್ಟಾರ ಅವರು." ನಗೋದಿರಲಿ, ಹುಡುಗರೇ ಬರಲಿಲ್ಲ. ದಿನಕ್ಕೆ 600 ಕೊಡ್ತೀನಿ ಅಂದರೂ ಒಲ್ಲೆ ಅಂದರು. ಕಾರಣ ಕೇಳಿದಾಗ ಒಬ್ಬ ಹೇಳಿದ್ದು ಒಂದೇ ಮಾತು: "ನಾ ಇಲ್ಲಿ ಬಂದ್ರ ಕುರಿ ಹಿಂದ ಯಾರ ಹೋಗಬೇಕ್ರೀ ಅಣ್ಣಾರ?" ಎಲ್ಲ ಅಲ್ಲೇ ಇತ್ತು. ಹುಡುಗನ 600ರ ಜೊತೆಗೆ ಬದಲಿ ಆಳಿಗೆ 400–450 ಕೊಡಲು ಶುರು ಮಾಡಿದೆ. ಮಾರನೇ ವಾರವೇ ನಾಲ್ವರು ಬಂದರು. ಹೆಣ್ಣುಮಕ್ಕಳ ಗುಂಪಿಗೆ ಅವರ ಮನೆಯ ಅಕ್ಕಂದಿರೇ ಬಂದರು.

ಎಂಟು ಮಕ್ಕಳಿಗೆ ಒಬ್ಬ ಅಣ್ಣ ಅಥವಾ ಅಕ್ಕ. ಊಟ, ನಡಿಗೆ, ಮಲಗೋದು ಎಲ್ಲ ಅದೇ ಗುಂಪಿನಲ್ಲಿ. ನಸುಕಿನ ನಡಿಗೆಗೆ ಹೋದವರಿಗೆ ರಾತ್ರಿ ಪಾಳಿ ಇಲ್ಲ. ಅದಕ್ಕಂತಲೇ ಇಬ್ಬರು ಜಾಸ್ತಿ ಇರುತ್ತಾರೆ. ಹನ್ನೆರಡರಿಂದ ನಾಲ್ಕರವರೆಗೆ ಏನೂ ಇಲ್ಲ. ಬೇವಿನ ಮರದ ಕೆಳಗೆ ಎಲ್ಲರೂ ಅಡ್ಡ ಆಗೋದು, ಸಿಬ್ಬಂದಿಯೇ ಮೊದಲು. ನಡುವೆ ಒಂದು ರಾತ್ರಿ ಮನೆಗೆ ಹೋಗಿ ಬರಬಹುದು. ಟೆಂಟಿನ ಜಾಗಕ್ಕೆ ಕಂಬಳಿ ಬಂತು. ಮೊದಲ ರಾತ್ರಿ ಮನೆ ನೆನೆಸಿಕೊಂಡು ಅಳೋ ಮಗುವನ್ನ ಅಕ್ಕಂದಿರು ಹತ್ತು ನಿಮಿಷದಲ್ಲಿ ಸುಮ್ಮನಾಗಿಸುತ್ತಾರೆ. ಹೇಗೆ ಅಂತ ಬರೆಯಲ್ಲ, ಅದು ಅವರ ಸೊತ್ತು.

ಕಲಿಸೋದು ಹೇಗಿರುತ್ತೆ ಅಂದರೆ, ಒಂದು ಬೆಳಿಗ್ಗೆ ಅಣ್ಣ ನೆಲದ ಮೇಲಿನ ಹಿಕ್ಕಿ ತೋರಿಸಿದ. "ಇದು ಕುರೀದಲ್ಲ. ಕುರಿ ನಡಕೋತ ಹಾಕ್ತೈತಿ, ಚೆಲ್ಲಾಪಿಲ್ಲಿ ಬೀಳ್ತೈತಿ. ಚಿಂಕಾರ ದಿನಾ ಇಲ್ಲೇ ಬಂದು ಗುಡ್ಡಿ ಹಾಕ್ತೈತಿ, ನೋಡ್ರಿ." ಒಂದನ್ನ ಕಡ್ಡಿಯಿಂದ ಒಡೆದ. ಮೇಲೆ ಕಪ್ಪು, ಒಳಗೆ ಇನ್ನೂ ಹಸಿರು ಹಸಿ. "ರಾತ್ರೀದು." ಹಿಂದಿನ ದಿನ ರೊಟ್ಟಿ ತಟ್ಟೆ ಮೇಲೆ ನೊಣ ಕೂತದ್ದಕ್ಕೆ ಊಟ ಬಿಟ್ಟಿದ್ದ ಬೆಳಗಾವಿಯ ಹುಡುಗಿ ಸಂಜೆ ಹೊತ್ತಿಗೆ ಹಳೇ ಪೇಪರಿನ ಮೇಲೆ ಹಳೇದು, ಹೊಸದು ಅಂತ ಹಿಕ್ಕಿ ಬೇರೆ ಮಾಡುತ್ತಾ ಕೂತಿದ್ದಳು. ಎಲೆ, ಇಬ್ಬನಿಯಿಂದಲೇ ನೀರು ಪಡೆದು ಚಿಂಕಾರ ಬಹಳ ದಿನ ಕುಡಿಯದೇ ಇರಬಲ್ಲದು ಅಂದಾಗ ಮಕ್ಕಳು ತಮ್ಮ ಬಾಟಲಿ ನೋಡಿಕೊಂಡರು. ಅಂದ ಹಾಗೆ, ಹಿಕ್ಕಿ ಸಿಕ್ಕಷ್ಟು ಸುಲಭಕ್ಕೆ ಚಿಂಕಾರ ಸಿಗಲ್ಲ. ನಮ್ಮ ಹುಡುಗರು ನಸುಕಿನಲ್ಲಿ ಯಾವ ಕಡೆ ಕೂತರೆ ಕಾಣುತ್ತೆ ಅನ್ನೋದನ್ನೂ ಇಲ್ಲಿ ಹೇಳಲ್ಲ.

ಸುಮ್ನೆ ಮಾಡಿ ನೋಡಿದ್ದೂ ಕೆಲವಿವೆ. ಮುನ್ನೂರು ರೂಪಾಯಿಯ ಅಲ್ಟ್ರಾವಯಲೆಟ್ ಟಾರ್ಚು ತಂದೆ. ಅದರ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಕಲ್ಲಿನ ಸಂದಿಯಲ್ಲಿ ಅಷ್ಟೊಂದು ಚೇಳು ನೋಡಿ ಮಕ್ಕಳು ಮರುದಿನದಿಂದ ಹೇಳದೆಯೇ ಬೂಟು ಜಾಡಿಸಿ ಹಾಕಿಕೊಂಡರು. ಟಾರ್ಚಿನ ದುಡ್ಡು ವಸೂಲಾಯಿತು. ನೀರಿನ ಬಾನಿ ಸುತ್ತ ಮರಳು ಹಾಸಿ ಬೆಳಿಗ್ಗೆ ಹೆಜ್ಜೆ ಓದೋದೂ ಚೆನ್ನಾಗಿ ನಡೆಯಿತು. ಕುರಿ ತರುಬಿದ ಹೊಲದಲ್ಲೇ ಮಕ್ಕಳನ್ನ ಮಲಗಿಸಿದ್ದು ಮಾತ್ರ ಹಾದಿಗೆ ಬರಲಿಲ್ಲ. ನಾಯಿಗಳು ರಾತ್ರಿಯಿಡೀ ಬೊಗಳಿದವು. ಒಬ್ಬ ಹುಡುಗನ ಕಿವಿ ಹಿಂದೆ ಉಣ್ಣಿ ಸಿಕ್ಕಿತು, ಅವರಪ್ಪ ನನ್ನ ಜನ್ಮ ಜಾಲಾಡಿದರು. ಈಗ ರಾತ್ರಿ ಒಂಬತ್ತರವರೆಗೆ ಅಷ್ಟೇ. ಹೊಲದ ಮಾಲೀಕರು ಗೊಬ್ಬರಕ್ಕಂತ ಕುರಿಗಾರರಿಗೆ ರಾತ್ರಿ ಲೆಕ್ಕದಲ್ಲಿ ದುಡ್ಡೋ ಜೋಳವೋ ಕೊಡೋದನ್ನ ಮಕ್ಕಳು ನೋಡಿ ವಾಪಸ್ ಬರುತ್ತಾರೆ.

ಈಗಿನ ಲೆಕ್ಕ ನೆನಪಿದ್ದಷ್ಟು: ನಾಲ್ಕು ರಾತ್ರಿಗೆ ಮಗುವಿಗೆ 3,500, ಬ್ಯಾಚಿಗೆ 32 ಮಕ್ಕಳು. ಅಣ್ಣ ಅಕ್ಕಂದಿರಿಗೂ ಬದಲಿ ಆಳುಗಳಿಗೂ ಸೇರಿ 30 ಸಾವಿರದ ಮೇಲೆ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗಿ, ಕಾಳು ಪಲ್ಯ ಎಲ್ಲ ಕೂಡಿ ಹೆಚ್ಚುಕಡಿಮೆ 38 ಸಾವಿರ. ನೀರಿನ ಟ್ಯಾಂಕರು, ರಾತ್ರಿ ಆಸ್ಪತ್ರೆಗೆ ಅಂತ ಸದಾ ನಿಲ್ಲೋ ಜೀಪು, ಸಣ್ಣಪುಟ್ಟದ್ದು ಕಳೆದು ಇಪ್ಪತ್ತು ಇಪ್ಪತ್ತೈದು ಸಾವಿರ ಉಳಿಯುತ್ತದೆ. ಸಿಬ್ಬಂದಿ ಖರ್ಚು ಜಾಸ್ತಿ ಅಂತ ಜೊತೆಯವರು ಹೇಳುತ್ತಾರೆ. ಅವರು ಪ್ರತಿ ವರ್ಷ ಹೊಸಬರಿಗೆ ಟ್ರೇನಿಂಗ್ ಕೊಡೋ ಖರ್ಚನ್ನ ಯಾವ ಪುಸ್ತಕದಲ್ಲಿ ಬರೆಯುತ್ತಾರೋ ಕೇಳಬೇಕು.

ದಸರಾ ರಜೆಗೂ ಮಾಡ್ರಿ ಅಂತ ಪಾಲಕರು ಕೇಳುತ್ತಿದ್ದಾರೆ. ಆ ಹೊತ್ತಿಗೆ ನಮ್ಮ ಹುಡುಗರಲ್ಲಿ ಅರ್ಧ ಜನ ಕುರಿ ಹೊಡಕೊಂಡು ದೂರ ಹೋಗಿರುತ್ತಾರೆ, ಆಗಲ್ಲ ಅಂದಿದ್ದೇನೆ. ಜನವರಿಯಲ್ಲಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಬಂದಾಗ ಎರಡು ರಾತ್ರಿಯ ಸಣ್ಣ ಬ್ಯಾಚು ಮಾಡೋ ಯೋಚನೆ ಇದೆ. ಚಳಿಗೆ ಕಂಬಳಿ ಇನ್ನೂ ಇಪ್ಪತ್ತಾದರೂ ಬೇಕು, ಅದರ ರೇಟು ವಿಚಾರಿಸುತ್ತಿದ್ದೇನೆ.