ನಮ್ಮ ರೋಬಸ್ಟಾ ತೋಟಕ್ಕೆ ಬೆರ್ರಿ ಬೋರರ್ ಹೊಕ್ಕಾಗ ನಾನು ಮಾಡಿದ್ದು

ಹಳ್ಳದ ಬದಿಯ ಮೂವತ್ತು ಗಿಡಗಳನ್ನು ಕೊಯ್ಯದೆ ಬಿಟ್ಟಿದ್ದೇ ತಪ್ಪಾಯಿತು. ಮೂಡಿಗೆರೆ ಹತ್ತಿರ ನಮ್ಮದು ಐದು ಎಕರೆ ರೋಬಸ್ಟಾ ಕಾಫಿ. ಆ ವರ್ಷ ಕೊಯ್ಲಿಗೆ ಆಳು ಸಿಗಲಿಲ್ಲ, ಹಳ್ಳದ ಕಡೆ ಇಳಿಜಾರು ಬೇರೆ, ಕಾಯಿಯೂ ಕಮ್ಮಿ, ಇರಲಿ ಬಿಡು ಅಂದುಕೊಂಡೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಕಳೆ ತೆಗೆಸುವಾಗ ಕೆಲಸದ ಅಕ್ಕ ಒಬ್ಬರು ಹಸಿರು ಕಾಯಿ ಹಿಡಿದು ಬಂದರು. "ಅಣ್ಣಾ, ಇದರ ಹೊಕ್ಕುಳಲ್ಲಿ ಸೂಜಿ ಚುಚ್ಚಿದ ಹಾಗಿದೆ ನೋಡಿ." ನೋಡಿದರೆ ಕಾಯಿಯ ತುದಿಯಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಪುಡಿ. ಬೆರ್ರಿ ಬೋರರ್, ಅಂದರೆ ಕಾಫಿ ಕಾಯಿ ಕೊರೆಯುವ ಹುಳ.

ಅವತ್ತೇ ಹಳ್ಳದ ಬದಿಗೆ ಇಳಿದೆ. ಹೋದ ವರ್ಷದ ಕಾಯಿ ಗಿಡದಲ್ಲೇ ಕಪ್ಪಾಗಿ ಒಣಗಿ ನೇತಾಡುತ್ತಿತ್ತು. ಒಂದನ್ನು ಮನೆಗೆ ತಂದು ಬಿಳಿ ತಟ್ಟೆಯಲ್ಲಿಟ್ಟು ಬ್ಲೇಡಿನಿಂದ ಸೀಳಿದೆ. ಎಳ್ಳಿಗಿಂತ ಸಣ್ಣ ಕಪ್ಪು ಹುಳಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಎಣಿಸಿದೆ, ಇಪ್ಪತ್ತಾರು. ಅದರಲ್ಲಿ ಎರಡು ಮಾತ್ರ ಇನ್ನೂ ಚಿಕ್ಕವು. ಅವೇ ಗಂಡು. ಅವಕ್ಕೆ ಹಾರಲು ಬರುವುದಿಲ್ಲ. ಹುಟ್ಟಿದ ಕಾಯಿಯೊಳಗೇ ಒಡಹುಟ್ಟಿದ ಹೆಣ್ಣುಗಳ ಜೊತೆ ಕೂಡಿ ಅಲ್ಲೇ ಸಾಯುತ್ತವೆ. ಹೆಣ್ಣು ಹೊರಗೆ ಹಾರುವ ಹೊತ್ತಿಗಾಗಲೇ ಮೊಟ್ಟೆ ಇಡಲು ತಯಾರಾಗಿರುತ್ತದೆ, ಹೊಸ ಜಾಗದಲ್ಲಿ ಜೋಡಿ ಹುಡುಕುವ ಕೆಲಸವೇ ಇಲ್ಲ. ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಅಂತ ನಮ್ಮ ಕಡೆ ಹೇಳುತ್ತಾರಲ್ವಾ, ಈ ಹುಳ ಹಬ್ಬಲು ಒಂದೇ ಒಂದು ಹೆಣ್ಣು ಸಾಕು. ಕಾಫಿಯ ಹಾಗೆ ಇದೂ ಆಫ್ರಿಕಾದ್ದೇ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ.

ನನಗೂ ಮೊದಲು ತೋಚಿದ್ದು ಔಷಧಿ ಹೊಡೆಸುವುದೇ. ಅಪ್ಪನ ಕಾಲದಲ್ಲಿ ಎಂಡೋಸಲ್ಫಾನ್ ಇತ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಆದರೆ ಅದಕ್ಕೂ ಎಷ್ಟೋ ಮೊದಲು, 1980ರ ದಶಕದಲ್ಲೇ, ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಈ ಹುಳ ಎಂಡೋಸಲ್ಫಾನ್‌ಗೆ ಬಗ್ಗದೆ ನಿಂತಿತ್ತು. ಯಾಕೆ ಅಂತ ಓದಿದಾಗ ನನಗೆ ಆ ತಟ್ಟೆ ನೆನಪಾಯಿತು. ಔಷಧಿಯನ್ನು ತಡೆದುಕೊಳ್ಳುವ ಗುಣ ಒಂದು ಹೆಣ್ಣಿಗೆ ಬಂತು ಅನ್ನಿ, ಅದರ ಮಕ್ಕಳು ಮಕ್ಕಳಲ್ಲೇ ಕೂಡುವುದರಿಂದ ಆ ಗುಣ ಹೊರಗಿನವರ ಜೊತೆ ಬೆರೆತು ತೆಳುವಾಗುವುದೇ ಇಲ್ಲ, ಕೆಲವೇ ತಲೆಮಾರಿನಲ್ಲಿ ಇಡೀ ಸಂಸಾರಕ್ಕೇ ಗಟ್ಟಿಯಾಗಿ ಕೂತುಬಿಡುತ್ತದೆ. ಒಂದು ತಲೆಮಾರಿಗೆ ಹೆಚ್ಚುಕಮ್ಮಿ ಒಂದು ತಿಂಗಳು ಸಾಕು. ಸುಮಾರು ಹುಳುಗಳನ್ನು ದೂರ ಇಡುವ ಕೆಫೀನ್ ಕೂಡ ಇದಕ್ಕೆ ತಾಗುವುದಿಲ್ಲ, ಇದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದು ಹಾಕುತ್ತವೆ. ಇಂಥದ್ದರ ಮೇಲೆ ಸುಮ್ನೆ ಔಷಧಿ ಸುರಿದರೆ ಅದನ್ನು ತಡೆದುಕೊಳ್ಳಲು ನಾವೇ ಹುಳಕ್ಕೆ ಕಲಿಸಿದ ಹಾಗಾಗುತ್ತದೆ. ನಾನು ಬೇರೆ ದಾರಿ ಹಿಡಿದೆ. ಅದಕ್ಕೆ ಉಳಿಯಲು ಕಾಯಿಯೇ ಸಿಗಬಾರದು, ಅಷ್ಟೆ.

ಆ ಸಲದ ಕೊಯ್ಲಿನಲ್ಲಿ ಪ್ರತಿ ಗಿಡದ ಬುಡಕ್ಕೆ ಟಾರ್ಪಾಲ್ ಹಾಸಿಸಿದೆ. ನೆಲಕ್ಕೆ ಬಿದ್ದ ಕಾಯಿ ತರಗೆಲೆಯೊಳಗೆ ಸೇರಿಕೊಂಡರೆ ಆಮೇಲೆ ಹುಡುಕುವುದು ಬಹಳ ಕಷ್ಟ. ಕೊಯ್ಲು ಮುಗಿದ ಮೇಲೆ ಉದುರು ಕಾಯಿ ಆಯಿಸಿದೆ. ದಿನಗೂಲಿಗೆ ಹಾಕಿದಾಗ ಕೆಲಸ ಸಾಗಲಿಲ್ಲ, ಕೆಜಿ ಲೆಕ್ಕ ಮಾಡಿದೆ. ಕೂಲಿಗೆ ಕೊಟ್ಟ ದುಡ್ಡು ಆ ಕಾಯಿಯ ಬೆಲೆಗಿಂತ ಜಾಸ್ತಿಯೇ ಆಯಿತು, ಆದರೂ ಕೊಟ್ಟೆ. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಕಾಯಿಯನ್ನೂ ಬಿಡಲಿಲ್ಲ. ತೂತು ಬಿದ್ದದ್ದನ್ನೆಲ್ಲ ಗೋಣಿಗೆ ಹಾಕಿ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಆಮೇಲೆ ಒಣಗಿಸಿದೆವು.

ಕಣದಲ್ಲೂ ಒಂದು ಪಾಠ ಕಲಿತೆ. ಸರಿಯಾಗಿ ಒಣಗದ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಹಾಕಿದ ಕಾಯಿಯನ್ನು, ಚೀಲಕ್ಕೆ ತುಂಬಿಟ್ಟರೆ ಹುಳ ಒಳಗೇ ಮರಿ ಮಾಡಿಕೊಂಡು ಮತ್ತೆ ತೋಟಕ್ಕೆ ಹಾರುತ್ತದೆ. ಈಗ ತೇವಾಂಶ 11%ಗೆ ಇಳಿಯುವ ತನಕ ಗೋಡೌನಿಗೆ ಸೇರಿಸುವುದಿಲ್ಲ. ಕಣದ ಸುತ್ತ, ಹಳ್ಳದ ಬದಿಯಲ್ಲಿ ಆಲ್ಕೋಹಾಲ್ ವಾಸನೆಯಿಂದ ಹುಳವನ್ನು ಸೆಳೆದು ಹಿಡಿಯುವ ಕೆಂಪು ಬ್ರೋಕಾ ಟ್ರ್ಯಾಪ್ ಕಟ್ಟಿದ್ದೇನೆ. ಟ್ರ್ಯಾಪ್ ಒಂದನ್ನೇ ನಂಬಬೇಡಿ. ಬೀಳುವುದು ಹಾರುವ ಹುಳ ಮಾತ್ರ, ಕಾಯಿಯೊಳಗೆ ಕೂತದ್ದು ಅಲ್ಲೇ ಇರುತ್ತದೆ.

ಬೇಲಿಯಾಚೆಯ ತೋಟ ಎರಡು ವರ್ಷದಿಂದ ಪಾಳು ಬಿದ್ದಿತ್ತು. ಅದರ ಮಾಲೀಕರಿಗೆ ಫೋನ್ ಮಾಡಿ, "ಅಣ್ಣಾ, ಬೇಲಿ ಪಕ್ಕದ ನಾಲ್ಕು ಸಾಲು ನಾವೇ ಕೊಯ್ದು ಕಾಯಿ ನಿಮ್ಮ ಮನೆಗೆ ಕಳಿಸ್ತೀವಿ" ಅಂದೆ. "ಕಾಯಿ ನೀವೇ ಇಟ್ಕೊಳಿ ಮಾರಾಯ್ರೇ, ತೋಟ ಸ್ವಚ್ಛ ಆದ್ರೆ ಸಾಕು" ಅಂದರು.

ಮೊದಲ ವರ್ಷ ಹಳ್ಳದ ಬದಿಯಲ್ಲಿ ನೂರು ಕಾಯಿ ನೋಡಿದರೆ ಮೂವತ್ತೊಂದಕ್ಕೆ ತೂತಿತ್ತು. ಹೋದ ಸೆಪ್ಟೆಂಬರ್‌ನಲ್ಲಿ ಅದೇ ಗಿಡಗಳಲ್ಲಿ ನೂರಕ್ಕೆ ನಾಲ್ಕು. ಆ ನಾಲ್ಕನ್ನೂ ತಟ್ಟೆಯಲ್ಲಿಟ್ಟು ಸೀಳಿ ನೋಡಿದೆ. ಮೂರರಲ್ಲಿ ಒಂದೊಂದೇ ಹೆಣ್ಣು, ಇನ್ನೂ ಮೊಟ್ಟೆ ಇಟ್ಟಿರಲಿಲ್ಲ. ನಾಲ್ಕನೆಯದರಲ್ಲಿ ಮರಿಗಳಿದ್ದವು. ಅದು ಬೇಲಿ ಪಕ್ಕದ ಗಿಡದ ಕಾಯಿ. ಈ ಸಲ ಆಚೆ ನಾಲ್ಕು ಸಾಲಿನ ಬದಲು ಎಂಟು ಸಾಲು ಕೊಯ್ಯಿಸುತ್ತೇನೆ.